ಹಿತ್ತಲ ಕಿಟಕಿಯ ಆಚೆ

ಹಲವು ವರ್ಷ ನಾನು ಪೊಲೀಸ್ ಜೀಪಿನಲ್ಲಿ ಓಡಾಡಿದೆ. ಆದರೆ ಪೊಲೀಸ್ ಆಗಿರಲಿಲ್ಲ. ಧಾರವಾಡದ ನಮ್ಮ ಓಣಿಯವರಿಗೆ ಇದನ್ನು ತಿಳಿಸಿ ಹೇಳುವುದೇ ಕಷ್ಟವಾಗುತ್ತಿತ್ತು. ಸಂಜೆ ಮನೆಗೆ ಬರುವಾಗ ಎದುರು ಮನೆಯ ಅಜ್ಜಿ ಕಟ್ಟೆಯ ಮೇಲೆ ಕುಳಿತು, "ಇವತ್ತ ಯಾರನ್ನ ಹಿಡದ್ರೆವ್ವಾ?" ಎಂದು ಕೇಳುವಳು. "ಹಿಡಿಯೂದಿಲ್ಲಬೇ, ಮಾತಾಡಸ್ತೇನಿ" ಎಂದರೆ, "ಪೊಲೀಸರಿಗೆ ಮಾತ್ಯಾಕ ಬೇಕು?" ಎಂದು ನಗುವಳು.

ನನ್ನ ಕೆಲಸ ನಿಜಕ್ಕೂ ಮಾತಾಡಿಸುವುದೇ ಆಗಿತ್ತು. ಮನೋರೋಗಿಗಳ ಮತ್ತು ಅವರ ಮನೆಯವರ ಜೊತೆ ಆಸ್ಪತ್ರೆಯಲ್ಲಿ ಬಹಳ ಕಾಲ ಕೆಲಸ ಮಾಡಿದ ಮೇಲೆ, ಹುಬ್ಬಳ್ಳಿಯ ಒಂದು ಠಾಣೆಗೆ ಗುತ್ತಿಗೆಯ ಮೇಲೆ ಆಪ್ತಸಮಾಲೋಚಕಿಯಾಗಿ ಹೋದೆ. ಕೆರೆಯ ದಂಡೆಯಲ್ಲಿ ಚಪ್ಪಲಿ ಬಿಟ್ಟು ನೀರು ನೋಡುತ್ತ ನಿಂತ ಹುಡುಗಿ, ನೀರಿನ ಟ್ಯಾಂಕು ಹತ್ತಿ ಇಳಿಯಲೊಲ್ಲದ ಗಂಡಸು, ಮಕ್ಕಳನ್ನು ಒಳಗೆ ಹಾಕಿಕೊಂಡು ಅಗಳಿ ಹಾಕಿದ ತಾಯಿ, ಇಂಥವರಿದ್ದಲ್ಲಿಗೆ ಪೊಲೀಸರಿಗೆ ಕರೆ ಬಂದಾಗ ಅವರು ನನ್ನನ್ನೂ ಕರೆದೊಯ್ಯುತ್ತಿದ್ದರು. ಅವರು ಬಾಗಿಲು ಒಡೆಯುವುದಕ್ಕೆ ಮೊದಲು ನಾನು ಅದನ್ನು ಮಾತಿನಿಂದ ತೆಗೆಸಬೇಕು. ಎಷ್ಟೋ ಸಲ ತೆರೆಯಿತು. ಕೆಲವು ಸಲ ತೆರೆಯಲಿಲ್ಲ. ಅವುಗಳ ಬಗ್ಗೆ ಇಲ್ಲಿ ಬರೆಯುವುದಿಲ್ಲ.

ಆ ಠಾಣೆಯ ಇನ್ಸ್‌ಪೆಕ್ಟರ್ ಒಬ್ಬ ಹೆಣ್ಣುಮಗಳು. ವಯಸ್ಸಿನಲ್ಲಿ ನನಗಿಂತ ಸಾಕಷ್ಟು ಚಿಕ್ಕವಳು. ಗದಗಿನ ಕಡೆಯ ಹಳ್ಳಿಯಿಂದ ಬಂದು ಓದಿ, ಪರೀಕ್ಷೆ ಬರೆದು, ಮೇಲೆ ಬಂದವಳು. ಇವತ್ತಿಗೂ ಅವಳನ್ನು ಏಕವಚನದಲ್ಲಿಯೇ ಬರೆಯುತ್ತಿದ್ದೇನೆ, ಯಾಕೆಂದರೆ ನಮ್ಮ ನಡುವೆ ಅಷ್ಟು ಸಲಿಗೆ ಇತ್ತು. ಸಿಬ್ಬಂದಿಯ ಮುಂದೆ ನಾನು ಅವಳನ್ನು ಮೇಡಂ ಅನ್ನುತ್ತಿದ್ದೆ. ಬಾಗಿಲು ಮುಚ್ಚಿದರೆ ಅವಳು ‘ಅಕ್ಕಾ’, ನಾನು ‘ಏ ತಂಗಿ’. ಮಧ್ಯಾಹ್ನ ಅವಳ ಕೋಣೆಯಲ್ಲಿ ಇಬ್ಬರ ಡಬ್ಬಿಯೂ ಒಟ್ಟಿಗೆ ಬಿಚ್ಚಿಕೊಳ್ಳುತ್ತಿತ್ತು. ಅವಳು ತಂದ ರೊಟ್ಟಿಗೆ ನಾನು ತಂದ ಹೆಸರುಕಾಳಿನ ಪಲ್ಯ. ನನ್ನ ತಾಯಿ ತೀರಿಕೊಂಡ ದಿನ ಅವಳು ಬಂದೋಬಸ್ತಿನಿಂದ ನೇರವಾಗಿ ಬಂದು, ಖಾಕಿ ಬಟ್ಟೆಯಲ್ಲಿಯೇ ನೆಲದ ಮೇಲೆ ನನ್ನ ಪಕ್ಕ ಕುಳಿತಳು. ಬಂದ ನೆಂಟರೆಲ್ಲ ಪೊಲೀಸರು ಯಾಕೆ ಬಂದರೋ ಎಂದು ಗಾಬರಿಯಾಗಿದ್ದರು. ಅವಳು ಏಳಲೇ ಇಲ್ಲ.

ಕೆಲಸದಲ್ಲಿಯೂ ನಮ್ಮಿಬ್ಬರದು ಒಂದು ಕರಾರು ಇತ್ತು. ನಾನು ಒಳಗೆ ಮಾತಾಡುವಾಗ ಖಾಕಿ ಬಟ್ಟೆಯವರು ಯಾರೂ ಮಾತು ಕೇಳಿಸುವಷ್ಟು ಹತ್ತಿರ ಇರಬಾರದು. ಅವಳು ಗೇಟಿನ ಹೊರಗೆ ನಿಲ್ಲಬೇಕು. ಜೀವಕ್ಕೆ ಅಪಾಯದ ಮಾತು ಬಂದರೆ ಮಾತ್ರ ನಾನು ಅವಳಿಗೆ ತಿಳಿಸಬೇಕು. ಉಳಿದದ್ದು ನನ್ನಲ್ಲಿಯೇ ಇರಬೇಕು. ಇದನ್ನು ನಾನು ಬೇಡಿ ಪಡೆದದ್ದಲ್ಲ. ಹೊಸದಾಗಿ ಬಂದ ಕಾನ್‌ಸ್ಟೇಬಲ್‌ಗಳನ್ನು ನಿಲ್ಲಿಸಿಕೊಂಡು ಅವಳೇ ಹೇಳಿದ್ದಳು: "ಅಕ್ಕಾರ ಒಳಗ ಏನ ಮಾತಾಡತಾರ, ಅದು ಅವರದು. ನಮ್ಮ ಕಿವಿಗೆ ಅಲ್ಲೇನೂ ಕೆಲಸಿಲ್ಲ. ತಿಳೀತೋ ಇಲ್ಲೋ?" ಆ ದಿನ ನನಗೆ ಎಂಥ ಹೆಮ್ಮೆಯಾಗಿತ್ತು! ಆಸ್ಪತ್ರೆಯ ದೊಡ್ಡ ಡಾಕ್ಟರುಗಳಿಗೆ ತಿಳಿಸಲು ನಾನು ಒದ್ದಾಡಿದ್ದ ಮಾತನ್ನು ಈ ಹುಡುಗಿ ನಾಲ್ಕು ಸಾಲಿನಲ್ಲಿ ಹೇಳಿಬಿಟ್ಟಿದ್ದಳು.

ಹುಬ್ಬಳ್ಳಿಯದೇ ಬಡಾವಣೆಯಾದ ಬೆಂಗೇರಿಯಿಂದ ಕರೆ ಬಂದದ್ದು ಬೆಳಗಿನ ಹೊತ್ತು. ನಾನು ಆಗತಾನೇ ಧಾರವಾಡದ ಬಸ್ಸಿನಿಂದ ಇಳಿದು ಠಾಣೆಯ ಮೆಟ್ಟಿಲು ಹತ್ತುತ್ತಿದ್ದೆ. ಅವಳು ಎದುರಿಗೇ ಬಂದಳು. "ನಡೀರಿ ಅಕ್ಕಾ, ಗಾಡಿ ಹತ್ತರಿ. ಒಬ್ಬಾವ ಕುಡಗೋಲು ಹಿಡಕೊಂಡು ಖೋಲಿ ಬಾಗಲಾ ಹಾಕ್ಕೊಂಡಾನ. ಸಾಯತೇನಿ ಅನ್ನಾಕತ್ತಾನಂತ." ಜೀಪಿನಲ್ಲಿ ಅವಳು ಎಂದಿನಂತೆ ಹರಟಲಿಲ್ಲ. ಹೊರಗೆ ನೋಡುತ್ತ ಕುಳಿತಿದ್ದಳು. ಇಳಿಯುವ ಮೊದಲು ಮಾತ್ರ ನನ್ನ ಮೊಣಕೈ ಹಿಡಿದು, "ಗಡಿಬಿಡಿ ಮಾಡಬ್ಯಾಡ್ರಿ. ಅವಂಗ ಏನೇನ ಹೇಳೂದೈತಿ, ಎಲ್ಲಾ ಹೇಳಾಕ ಬಿಡ್ರಿ" ಎಂದಳು. ಇಷ್ಟು ವರ್ಷ ನನ್ನ ಜೊತೆ ಇದ್ದು ಇವಳಿಗೂ ಈ ಕೆಲಸದ ಹದ ಬಂತಲ್ಲ ಅಂದುಕೊಂಡೆ.

ಮನೆಯ ಮುಂದೆ ಓಣಿಯ ಜನ ಸೇರಿತ್ತು. ಆತನ ಹೆಂಡತಿ ನಲ್ಲಿಯ ಕಟ್ಟೆಗೆ ಆತು ನಿಂತಿದ್ದಳು. ಕೈಗೆ ಇನ್ನೂ ಜೋಳದ ಹಿಟ್ಟು ಮೆತ್ತಿತ್ತು. ಗಂಡ ಸಿಟಿ ಬಸ್ಸಿನ ಡ್ರೈವರ್ ಎಂದಳು. ವರ್ಷದ ಹಿಂದೆ ಆತನ ಬಸ್ಸಿಗೆ ಸಿಕ್ಕು ಒಬ್ಬ ಹೆಣ್ಣುಮಗಳು ಸತ್ತಿದ್ದಳು. ಆವತ್ತಿನಿಂದ ಆತ ಬಸ್ಸು ಹತ್ತಿಲ್ಲ. ಡಿಪೋದಲ್ಲಿ ಬೇರೆ ಕೆಲಸ ಕೊಟ್ಟಿದ್ದರು. ನಿದ್ದೆಯಿಲ್ಲ, ಊಟವಿಲ್ಲ.

"ಕೇಸ್ನ್ಯಾಗ ಇವರದೇನೂ ತಪ್ಪಿಲ್ಲಂತ ಆಗೇತ್ರಿ ಅಕ್ಕಾರ. ಆಯಮ್ಮನಾ ಅಡ್ಡ ಬಂದ್ಲಂತ. ಎಲ್ಲಾರೂ ಹಂಗ ಹೇಳ್ಯಾರ. ಆದ್ರೂ ಇವರು ಹಿಂಗ್ಯಾಕ ಮಾಡ್ಕೋತಾರಂತ ನಮಗ ತಿಳೀವಲ್ದು."

ಅವರಿಗೆ ಒಬ್ಬಳೇ ಮಗಳು. ಧಾರವಾಡದಲ್ಲಿ ಹಾಸ್ಟೆಲಿನಲ್ಲಿದ್ದು ಕಾಲೇಜಿಗೆ ಹೋಗುತ್ತಿದ್ದಳು. ಅವಳಿಗೆ ಇನ್ನೂ ಯಾರೂ ಹೇಳಿರಲಿಲ್ಲ.

ನಾನು ಇನ್ಸ್‌ಪೆಕ್ಟರ್ ಕಡೆ ನೋಡಿದೆ. ಅವಳು ತಲೆಯಾಡಿಸಿ ತನ್ನವರನ್ನು ಕರೆದುಕೊಂಡು ಗೇಟಿನ ಹೊರಗೆ ಹೋದಳು. ನಾನು ಅದನ್ನು ಕಣ್ಣಾರೆ ನೋಡಿಯೇ ಒಳಗೆ ಹೆಜ್ಜೆಯಿಟ್ಟೆ.

ಒಳಕೋಣೆಯ ಬಾಗಿಲಿಗೆ ಹಸಿರು ಬಣ್ಣ. ಕೆಳಗೆ ಕೈ ತೂರುವಷ್ಟು ಸಂದಿ. ನಾನು ಬಾಗಿಲ ಹೊರಗೆ ನೆಲದ ಮೇಲೆ ಕುಳಿತೆ. ಯಾರೆಂದು ಹೇಳಿದೆ, ಎಲ್ಲಿಂದ ಬಂದೆನೆಂದು ಹೇಳಿದೆ. ಆಮೇಲೆ ದನಿ ಬಂತು. ದನಿಯಲ್ಲಿ ಸಿಟ್ಟಿರಲಿಲ್ಲ, ಬರೀ ಆಯಾಸವಿತ್ತು.

"ಪೊಲೀಸರು ಬಂದಾರಲ್ರಿ ಬಾಯಾರ. ಜೀಪಿನ ಸಪ್ಪಳ ಕೇಳ್ಯೇನಿ. ಜಲ್ಮೆಲ್ಲಾ ಗಾಡಿ ಹೊಡದಾಂವ ನಾ."

"ಬಂದಾರಣ್ಣಾರ. ಸುಳ್ಳ ಹೇಳೂದಿಲ್ಲ. ಆದ್ರ ಗೇಟಿನ ಹೊರಗ ನಿಂತಾರ. ಇಲ್ಲಿ ನಾ ಒಬ್ಬಾಕಿನಾ ಅದೇನಿ."

"ನನ್ನ ಹೇಣ್ತಿ?"

"ಆಕೀನೂ ಹೊರಗ ಅದಾಳ. ಕರೀಲೇನು?"

"ಬ್ಯಾಡ್ರಿ. ಆಕಿಗೆ ಕೇಳಸಬಾರ್ದು."

ಅಲ್ಲಿಂದ ಮಾತು ನಿಧಾನವಾಗಿ ಶುರುವಾಯಿತು. ಆತ ಆರಂಭಿಸಿದ್ದು ಬೇರೆ ಎಲ್ಲಿಂದಲೋ. ಕುಡಗೋಲು ಹೆಂಡತಿಯ ತವರಿನದು, ಸುಳ್ಳ ಎಂಬ ಹಳ್ಳಿಯಿಂದ ತಂದದ್ದು, ಅಲ್ಲಿ ಎಷ್ಟೊಂದು ಹೊಲ ಇದೆ, ಮಗಳು ಚಿಕ್ಕವಳಿದ್ದಾಗ ಹತ್ತಿ ಬಿಡಿಸಲು ಹೋಗಿ ಮೈತುಂಬ ಗೀಚಿಕೊಂಡು ಬಂದದ್ದು. ನಾನು ಕೇಳುತ್ತ ಕುಳಿತೆ. ಮಗಳ ಹೆಸರು ಬಂದಾಗಲೆಲ್ಲ ಆತ ಅರ್ಧಕ್ಕೇ ಬಿಟ್ಟು ಮತ್ತೆ ಹೊಲದ ಮಾತಿಗೆ ಹೋಗುತ್ತಿದ್ದ. ಆಮೇಲೆ ಒಂದು ಸಲ, ನಾನು ಏನೂ ಕೇಳದೆಯೇ, ಆತ ಅಂದ:

"ಆಯಮ್ಮ ಅಡ್ಡ ಬಂದಿದ್ದಿಲ್ರಿ."

ನಾನು ಬಾಗಿಲ ಸಂದಿಯ ಹತ್ತಿರ ಸರಿದೆ.

"ರಾಯಾಪುರದ ಹಂತ್ಯಾಕ. ದಾಟೂ ಜಾಗಾದಾಗನ ದಾಟಾಕತ್ತಿದ್ಲು. ಕೈಯಾಗ ಪಲ್ಯದ ಚೀಲ ಇತ್ತು. ನನಗ ಕೈ ಮಾಡಿದ್ಲು, ನಿಂದರಪಾ ಅಂತ. ನಾ ನೋಡಿದ್ದ ತಡಾ ಆತು. ಕಂಡಕ್ಟರ್ ನನ್ನ ಉಳಸಾಕಂತ, ಆಯಮ್ಮನಾ ಅಡ್ಡ ಬಂದ್ಲು ಅಂತ ಬರಸಿದಾ. ನಾ ಬಾಯಿ ಮುಚ್ಚಿಕೊಂಡು ನಿಂತೆ."

"ಯಾಕ ತಡಾ ಆತಣ್ಣಾರ?"

ಒಳಗೆ ಆತ ಅಳುತ್ತಿದ್ದ. ಗಂಡಸರು ಅಳುವುದನ್ನು ನಾನು ಬಹಳ ಕೇಳಿದ್ದೇನೆ. ಇದು ಬಾಯಿಗೆ ಬಟ್ಟೆ ತುರುಕಿಕೊಂಡ ಅಳು.

"ಫೋನ್ ಬಂದಿತ್ರಿ. ಮಗಳದು. ಆವತ್ತ ಆಕಿ ರಿಸಲ್ಟು. ತೆಗಿಬಾರ್ದಿತ್ತು, ತೆಗದೆ. ‘ಅಪ್ಪಾ, ಪಾಸಾದೆ’ ಅಂದ್ಲು. ಫಸ್ಟ್ ಕ್ಲಾಸು. ನಾ ನಕ್ಕೊಂತಿದ್ದೆ ಬಾಯಾರ. ಆಯಮ್ಮ ಕೈ ಮಾಡಿದಾಗ ನಾ ನಕ್ಕೊಂತಿದ್ದೆ."

ಆತನೇ ಮುಂದುವರಿಸಿದ.

"ಮಗಳಿಗೆ ಗೊತ್ತಿಲ್ಲ. ಆಮ್ಯಾಲೆ ಫೋನ್ ಕಟ್ಟಾತು, ಟವರ್ ಇದ್ದಿದ್ದಿಲ್ಲ ಅಂತ ಹೇಳೇನಿ. ಪ್ರತಿ ಸಲ ಮನಿಗೆ ಬಂದಾಗ ಆಕಿ ಮಾರಿ ನೋಡಿದ್ರ ನನಗ ಅದಾ ಬರ್ತೈತಿ. ಆಕಿಗೆ ತಿಳದ್ರ ತನ್ನಿಂದನ ಆತು ಅಂತ ತಿಳ್ಕೋತಾಳ. ಅದಕ್ಕ ನಾನಾ ಇಲ್ದಂಗ ಆದ್ರ ಛಲೋ ಅಲ್ಲೇನ್ರಿ?"

ಅಲ್ಲ ಎಂದೆ. ತಂದೆ ಹೀಗೆ ಹೋದರೆ ಮಗಳು ಜನ್ಮವಿಡೀ ಕಾರಣ ಹುಡುಕುತ್ತಾಳೆ, ಕೊನೆಗೆ ತನ್ನಲ್ಲೇ ಹುಡುಕಿಕೊಳ್ಳುತ್ತಾಳೆ ಎಂದೆ. ಸತ್ತವಳ ಮನೆಯವರಿಗೂ ಈ ನಿಜ ಬೇಕಾಗಿರಬಹುದು, ಅದನ್ನು ಹೇಳಲು ನೀವು ಬದುಕಿರಬೇಕು ಎಂದೆ. ಹೇಳುವ ಶಕ್ತಿ ಈಗ ನಿಮಗಿಲ್ಲ, ಮೊದಲು ಚಿಕಿತ್ಸೆ ಆಗಲಿ, ನಿದ್ದೆ ಬರಲಿ. ಆಮೇಲೆ ನೀವೇ ನಿಮ್ಮ ಬಾಯಿಂದ ಹೇಳಿರಿ, ನಾನು ಪಕ್ಕದಲ್ಲಿ ನಿಲ್ಲುತ್ತೇನೆ ಎಂದೆ.

"ಯಾರ ಫೋನು ಅಂತನೂ ಹೇಳಬೇಕಾಗ್ತೈತೇನ್ರಿ?"

"ನಿಮ್ಮ ತಪ್ಪು ನೀವು ಹೇಳ್ರಿ. ಮಗಳ ಸುದ್ದಿ ಯಾಕ ತರತೀರಿ?"

"ನೀವು ಯಾರಿಗೂ ಹೇಳೂದಿಲ್ಲಲ್ಲ?"

"ನನ್ನ ಬಾಯಿಂದ ಹೊರಗ ಹೋಗಂಗಿಲ್ಲಣ್ಣಾರ. ನಮ್ಮವ್ವನ ಆಣಿ."

ಆಣೆ ಇಡುವುದು ನನ್ನ ಅಭ್ಯಾಸವಲ್ಲ. ಅವತ್ತು ಹೇಗೋ ಬಂತು. ಸ್ವಲ್ಪ ಹೊತ್ತಿಗೆ ಬಾಗಿಲ ಕೆಳಗಿನ ಸಂದಿಯಿಂದ ಕುಡಗೋಲು ಹೊರಗೆ ಬಂತು, ಹಿಡಿ ನನ್ನ ಕಡೆಗೆ ಮಾಡಿ. ಆಮೇಲೆ ಅಗಳಿ ತೆಗೆದ ಸದ್ದು.

ಇನ್ಸ್‌ಪೆಕ್ಟರ್ ಅವತ್ತು ಎಲ್ಲವನ್ನೂ ನಾನು ಕೇಳಿದಂತೆಯೇ ನಡೆಸಿಕೊಟ್ಟಳು. ಯಾರೂ ಆತನ ತೋಳು ಹಿಡಿಯಲಿಲ್ಲ. ಮೊಬೈಲ್ ಎತ್ತಿ ಚಿತ್ರ ತೆಗೆಯಲು ಬಂದ ಹುಡುಗರನ್ನು ಅವಳೇ ಗದರಿಸಿ ಓಡಿಸಿದಳು. ಜೀಪು ಬೇಡ ಎಂದು ಬಾಡಿಗೆಯ ಕಾರು ತರಿಸಿದ್ದಳು. ಅದರಲ್ಲಿ ಆತನನ್ನೂ ಹೆಂಡತಿಯನ್ನೂ ಕೂರಿಸಿಕೊಂಡು ನಾನು ಧಾರವಾಡದ ಆಸ್ಪತ್ರೆಗೆ ಹೊರಟೆ. ರಾಯಾಪುರ ಬಂದಾಗ ಆತ ತಲೆಯನ್ನು ಮೊಣಕಾಲಿನ ನಡುವೆ ಹುದುಗಿಸಿ ಎರಡೂ ಕಿವಿ ಮುಚ್ಚಿಕೊಂಡ. ಹೆಂಡತಿ ಬೆನ್ನು ಸವರುತ್ತ ಕುಳಿತಳು. ಏಕೆಂದು ಆಕೆಗೆ ಅರ್ಧ ಗೊತ್ತಿತ್ತು, ನನಗೆ ಪೂರ್ತಿ.

ಮುಂದಿನ ವಾರ ಮೇಲಧಿಕಾರಿಗಳ ಕಚೇರಿಯಲ್ಲಿ ನಮ್ಮಿಬ್ಬರಿಗೂ ಶಾಲು ಹೊದಿಸಿದರು. ಒಂದು ಜೀವ ಉಳಿಸಿದ್ದಕ್ಕೆ. ಹಣ್ಣಿನ ಬುಟ್ಟಿ, ಫೋಟೊ, ಚಪ್ಪಾಳೆ. ಮರುದಿನದ ಪೇಪರಿನಲ್ಲಿ ನಾವಿಬ್ಬರೂ ಭುಜಕ್ಕೆ ಭುಜ ತಾಗಿಸಿ ನಿಂತ ಚಿತ್ರ ಬಂತು. ಎದುರು ಮನೆಯ ಅಜ್ಜಿ ಅದನ್ನು ಕತ್ತರಿಸಿ ಇಟ್ಟುಕೊಂಡಳು.

ಇದಾಗಿ ಹೆಚ್ಚು ದಿನವಾಗಿರಲಿಲ್ಲ. ಒಂದು ಮಧ್ಯಾಹ್ನ ಡ್ರೈವರನ ಹೆಂಡತಿ ನಮ್ಮ ಮನೆ ಹುಡುಕಿಕೊಂಡು ಬಂದಳು. ಆಸ್ಪತ್ರೆಯಿಂದಲೇ ಬಂದಿರಬೇಕು, ಕೈಯಲ್ಲಿ ಊಟದ ಡಬ್ಬಿ ಇತ್ತು. ಒಳಗೆ ಬಾ ಎಂದರೆ ಬರಲಿಲ್ಲ. ಹೊಸ್ತಿಲ ಆಚೆ ನಿಂತೇ ಕೇಳಿದಳು.

"ನೀವು ಹೇಳಿದ್ರೇನ್ರಿ ಅಕ್ಕಾರ?"

"ಏನ ತಂಗಿ?"

"ನನ್ನ ಮಗಳನ್ನ ಪೊಲೀಸರು ಕರಿಸ್ಯಾರ. ಕಾಲೇಜಿನಿಂದ. ಆವತ್ತ ಆ ಹೊತ್ತಿಗೆ ನಿಮ್ಮಪ್ಪಗ ಫೋನ್ ಮಾಡಿದ್ದೇನು, ಏನ ಮಾತಾಡಿದಿ, ಎಷ್ಟೊತ್ತು ಮಾತಾಡಿದಿ ಅಂತ ಕೂಡಿಸ್ಕೊಂಡು ಕೇಳ್ಯಾರ. ಆಕಿ ಇದ್ದದ್ದು ಇದ್ದಂಗ ಹೇಳ್ಯಾಳ. ಯಾಕ ಕೇಳಾಕತ್ತಾರಂತ ಆಕಿಗೇನ ಗೊತ್ತು? ಆಮ್ಯಾಲೆ ಆಕಿಗೆ ತಿಳೀತು."

ಆಕೆ ಡಬ್ಬಿಯನ್ನು ಇನ್ನೊಂದು ಕೈಗೆ ಬದಲಿಸಿಕೊಂಡಳು.

"ಆ ಮಾತು ನನಗೂ ಗೊತ್ತಿದ್ದಿಲ್ಲ. ಇವರು ನಿಮಗಷ್ಟ ಹೇಳ್ಯಾರಂತ. ನಿಮ್ಮನ್ನ ನಂಬಿ ಬಾಗಲಾ ತೆಗದ್ರು, ಅಕ್ಕಾರ."

ನಾನು ಹೇಳಿಲ್ಲ ಎಂದೆ. ಆಣೆ ಮಾಡಿ ಹೇಳಿದೆ, ಯಾರಿಗೂ ಹೇಳಿಲ್ಲ ಎಂದು. ಆಕೆ ನನ್ನ ಮುಖವನ್ನೇ ನೋಡಿದಳು. ಆಕೆ ನಂಬಲಿಲ್ಲ. ನಂಬುವುದಾದರೂ ಹೇಗೆ? ಬಾಗಿಲ ಹೊರಗೆ ಇದ್ದವಳು ನಾನೊಬ್ಬಳೇ. ಹಾಗೆಂದು ನಾನೇ ಹೇಳಿದ್ದೆ.

ಮರುದಿನ ಠಾಣೆಗೆ ಹೋಗುವವರೆಗೂ ನಾನು ಬೇರೆ ಬೇರೆ ದಾರಿಗಳನ್ನು ಯೋಚಿಸಿದೆ. ಕಂಡಕ್ಟರ್ ಹೇಳಿರಬಹುದು. ಫೋನ್ ಕಂಪನಿಯಿಂದ ಕರೆಗಳ ವಿವರ ಮೊದಲೇ ತರಿಸಿರಬಹುದು. ಯಾವುದೋ ಪ್ರಯಾಣಿಕ ಸಾಕ್ಷಿ ಹೇಳಿರಬಹುದು. ಇನ್ಸ್‌ಪೆಕ್ಟರ್ ಹೆಸರೊಂದನ್ನು ಬಿಟ್ಟು ಉಳಿದ ಎಲ್ಲವೂ ನನ್ನ ತಲೆಯಲ್ಲಿ ಬಂದು ಹೋದವು.

ಅವಳು ಊಟದ ಡಬ್ಬಿ ತೆರೆದು ನನಗಾಗಿ ಕಾಯುತ್ತಿದ್ದಳು. ನನ್ನ ಮುಖ ನೋಡಿದ ಕೂಡಲೇ ಡಬ್ಬಿಯ ಮುಚ್ಚಳ ಹಾಕಿದಳು. ಎದ್ದು ಬಾಗಿಲು ಮುಚ್ಚಿದಳು.

"ಆ ಹುಡುಗಿನ್ನ ಕರಸಿದಾಕಿ ನೀನಾ?" ಎಂದೆ.

"ಟ್ರಾಫಿಕ್‌ನವರು ಕರಿಸ್ಯಾರ. ಅವರಿಗೆ ಹೇಳಿದಾಕಿ ನಾನು."

"ನಿನಗ ಹೆಂಗ ಗೊತ್ತಾತು?"

ಅವಳು ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. ಅವಳ ಬಗ್ಗೆ ನ್ಯಾಯವಾಗಿ ಬರೆಯಬೇಕೆಂದರೆ ಇದನ್ನೂ ಬರೆಯಬೇಕು.

"ಆ ಖೋಲಿಗೆ ಹಿತ್ತಲ ಕಡೆ ಕಿಟಕಿ ಇತ್ತಲ್ಲಕ್ಕಾ, ಅಲ್ಲಿ ನಿಂತಿದ್ದೆ. ಬೂಟ್ ಕಳದು ಹೋಗಿದ್ದೆ, ಸಪ್ಪಳಾಗಬಾರ್ದಂತ."

ಆಗ ನನಗೆ ನೆನಪಾಯಿತು. ಅವತ್ತು ಆತನನ್ನು ಕಾರಿಗೆ ಕೂರಿಸುವಾಗ ಅವಳು ಜೀಪಿನ ಅಂಚಿನಲ್ಲಿ ಕುಳಿತು ಬೂಟಿನ ಲೇಸು ಕಟ್ಟುತ್ತಿದ್ದಳು. ಕಾಲುಚೀಲಕ್ಕೆ ಹಸಿ ಮಣ್ಣು ಮೆತ್ತಿತ್ತು. ಅವಳ ಕೆಲಸ ಎಂಥದೋ, ಎಲ್ಲೆಲ್ಲಿ ಕಾಲಿಡಬೇಕಾಗುತ್ತದೋ ಎಂದು ನಾನು ಅಯ್ಯೋ ಅಂದುಕೊಂಡಿದ್ದೆ.

"ಫೋನಿನಾಗ ರೆಕಾರ್ಡ್ ಮಾಡ್ಕೊಂಡೇನಿ," ಎಂದಳು. "ಅದನ್ನ ಕೋರ್ಟಿಗೆ ಕೊಡೂದಿಲ್ಲ. ನಿಮ್ಮ ಹೆಸರು ಎಲ್ಲೂ ಬರಂಗಿಲ್ಲ. ಅದರ ಮ್ಯಾಲಿಂದ ಕಾಲ್ ಡೀಟೇಲ್ಸ್ ತಗಿಸಿದ್ರು, ಅಷ್ಟ."

"ನನ್ನ ಹೆಸರಿನ ಚಿಂತಿ ಯಾರಿಗೈತಿ?"

"ಅಕ್ಕಾ, ಕುಂದರ್ರಿ. ಕೇಳ್ರಿ. ಆ ಆಕ್ಸಿಡೆಂಟ್ ಆದಾಗ ಟ್ರಾಫಿಕ್ ಠಾಣಾದ ಇನ್ಸ್‌ಪೆಕ್ಟರ್ ರಜಾದ ಮ್ಯಾಲಿದ್ರು, ಅಲ್ಲಿ ಚಾರ್ಜೂ ನನ್ನ ಕಡೇನ ಇತ್ತು. ‘ಮೃತಳು ಏಕಾಏಕಿ ಅಡ್ಡ ಬಂದಿದ್ದರಿಂದ’ ಅಂತ ಬರದಾಕಿ ನಾನಾ. ಕಂಡಕ್ಟರ್ ಹೇಳಿದ್ದು ಖರೇ ಅಂತ ನಂಬಿ ಬರದೆ. ಆಯಮ್ಮನ ಮಗಾ ಸಾಲಿ ಮಾಸ್ತರ. ಆವತ್ತಿಂದ ಇವತ್ತಿನತನಕಾ ಬರ್ತಾನ ನನ್ನ ಕಡೆ. ಕೂಗಾಡೂದಿಲ್ಲ, ಏನಿಲ್ಲ. ‘ನಮ್ಮವ್ವ ಹಂಗ ಓಡಿ ದಾಟಾಕಿ ಅಲ್ರಿ’ ಅಂತಾನ, ಹೋಗತಾನ. ನಾ ಅವಗ ಮಾರಿ ಹೆಂಗ ತೋರಸಲಿ?"

ಅವಳ ಮಾತಿನಲ್ಲಿ ನಿಜವಿತ್ತು. ಅದೇ ನನ್ನನ್ನು ಹೆಚ್ಚು ಉರಿಸಿತು.

"ಬೆಂಗೇರಿಗೆ ಹೋಗೂ ಮೊದಲಾ ಅವ ಯಾರಂತ ನಿನಗ ಗೊತ್ತಿತ್ತೇನು?"

ಅವಳು ನನ್ನ ಕಣ್ಣು ತಪ್ಪಿಸಿದಳು. "ವಿಳಾಸ ಕೇಳಿದ ಕೂಡ್ಲೆ ಗೊತ್ತಾತು."

ಎಂದರೆ ಜೀಪಿನಲ್ಲಿ ಗೊತ್ತಿತ್ತು. ಎಲ್ಲಾ ಹೇಳಾಕ ಬಿಡ್ರಿ ಎಂದು ನನ್ನ ಮೊಣಕೈ ಹಿಡಿದಾಗ ಗೊತ್ತಿತ್ತು. ತಲೆಯಾಡಿಸಿ ಗೇಟಿನ ಹೊರಗೆ ಹೋದಾಗ ಗೊತ್ತಿತ್ತು. ನಾನು ಸಾಯಹೊರಟವನನ್ನು ಉಳಿಸಲು ಕುಳಿತಿದ್ದೆ. ಅವಳು ನನ್ನನ್ನು ಅವನ ಬಾಯಿ ಬಿಡಿಸಲು ಕೂರಿಸಿದ್ದಳು. ಬಾಗಿಲು ಒಂದೇ, ನಾವಿಬ್ಬರೂ ಮಾಡುತ್ತಿದ್ದ ಕೆಲಸ ಬೇರೆ.

"ನನ್ನ ಕೇಳಬಹುದಿತ್ತು ನೀನು," ಎಂದೆ. "‘ಅಕ್ಕಾ, ಇವ ಹಿಂಗಿಂಗ, ಆಯಮ್ಮನ ಮಗಾ ಹಿಂಗ ಅದಾನ’ ಅಂತ ಒಂದು ಮಾತು ಹೇಳಬಹುದಿತ್ತು."

"ಹೇಳಿದ್ರ ನೀವು ಒಪ್ಪತಿದ್ದಿಲ್ಲ."

"ಒಪ್ಪತಿದ್ದಿಲ್ಲ."

"ಅದಕ್ಕ," ಎಂದಳು.

ಹೊರಗೆ ಯಾರೋ ವೈರ್‌ಲೆಸ್‌ನಲ್ಲಿ ಜೋರಾಗಿ ಮಾತಾಡುತ್ತಿದ್ದರು. ನಾನು ಎದ್ದು ಬಂದೆ. ಬಸ್ಸಿನಲ್ಲಿ ಕುಳಿತ ಮೇಲೆ ಗೊತ್ತಾಯಿತು, ನನಗೆ ಇಷ್ಟು ನೋವಾದಾಗ ನಾನು ಫೋನು ಮಾಡುತ್ತಿದ್ದದ್ದು ಅವಳಿಗೇ. ಈಗ ಯಾರಿಗೆ ಮಾಡಬೇಕೆಂದು ತಿಳಿಯಲಿಲ್ಲ. ನನ್ನ ಗಂಡ ಒಳ್ಳೆಯವರು, ಸಮಾಧಾನದ ಮನುಷ್ಯ. ಎಲ್ಲ ಕೇಳಿ, "ಆದ್ರೂ ಸತ್ತಾಕಿಗೆ ನ್ಯಾಯ ಸಿಕ್ಕಂಗಾತಲ್ಲ" ಎಂದರು. ಅವರ ಜೊತೆಯೂ ಆ ರಾತ್ರಿ ಮಾತು ಬೆಳೆಸಲಿಲ್ಲ.

ಸತ್ತವಳ ಮಗ ಒಂದು ಭಾನುವಾರ ಮನೆಗೆ ಬಂದರು. ತೆಳ್ಳಗಿನ, ಕನ್ನಡಕ ಹಾಕಿದ ಮನುಷ್ಯ. ಬುದ್ಧನ ಚಿಕ್ಕ ಪದಕವೊಂದು ಅಂಗಿಯ ಜೇಬಿನ ಪೆನ್ನಿನ ಪಕ್ಕ ಚುಚ್ಚಿತ್ತು. ತಾಯಿ ಹೊಲದ ಕೂಲಿ, ಆಮೇಲೆ ಶಾಲೆಯ ಬಿಸಿಯೂಟದ ಅಡುಗೆ ಮಾಡಿ ತನ್ನನ್ನು ಓದಿಸಿದಳು ಎಂದರು. ನನಗೆ ಕೈ ಮುಗಿದರು.

"ಇನ್ಸ್‌ಪೆಕ್ಟರ್ ಮೇಡಂ ಹೇಳಿದ್ರು, ನಿಮ್ಮಿಂದ ಖರೇ ಹೊರಗ ಬಂತಂತ."

"ನನ್ನಿಂದಲ್ರಿ," ಎಂದೆ. ನಡೆದದ್ದನ್ನು ಹೇಳಿದೆ. ಯಾಕೆ ಹೇಳಿದೆನೋ. ಯಾರಾದರೊಬ್ಬರಿಗೆ ಹೇಳಬೇಕಾಗಿತ್ತು, ಮತ್ತು ಈ ನಿಜದ ಮೇಲೆ ಯಾರಿಗಾದರೂ ಹಕ್ಕಿದ್ದರೆ ಅದು ಈತನಿಗೇ.

ಅವರು ತಲೆ ತಗ್ಗಿಸಿ ಕೇಳಿದರು. ಚಹಾ ಆರಿಹೋಯಿತು.

"ಮೇಡಂ, ಅವ ಜೇಲಿಗೆ ಹೋಗಬೇಕಂತ ನನಗ ಇದ್ದಿದ್ದಿಲ್ಲ. ನಮ್ಮವ್ವ ಅಡ್ಡ ಬಂದ್ಲು ಅಂತ ಬರದಿದ್ರಲ್ಲ, ಅದನ್ನ ಅಳಸಬೇಕಾಗಿತ್ತು. ಸತ್ತ ಮ್ಯಾಲೂ ತಪ್ಪು ಆಕೀದಾ ಅಂತಂದ್ರ ಹೆಂಗ್ರಿ? ಜಲ್ಮೆಲ್ಲಾ ಎಲ್ಲಾರೂ ಆಕೀಗೆ ‘ಅಡ್ಡ ಬರಬ್ಯಾಡ, ಸರದು ನಿಂದ್ರು’ ಅಂತನ ಅಂದಾರ." ಆಮೇಲೆ ಕೇಳಿದರು: "ಆ ಹುಡುಗಿನ್ನ ಯಾಕ ಕರಸಿದ್ರು? ಫೋನ್ ಬಂದಿತ್ತು ಅನ್ನೂದಷ್ಟ ಸಾಕಾಗಿತ್ತಲ್ಲ?"

ಪ್ರಕರಣ ಗಟ್ಟಿಯಾಗಲಿ ಅಂತ ಇರಬೇಕು ಎಂದೆ. ಅವರು ದಿನವೂ ಅವಳಿಗಿಂತ ತುಸುವೇ ಚಿಕ್ಕ ಹುಡುಗಿಯರಿಗೆ ಪಾಠ ಹೇಳುವವರು. ಹೊರಡುವಾಗ ಮತ್ತೆ ಕೈ ಮುಗಿದರು. ಈ ಸಲ ಕೃತಜ್ಞತೆಗಲ್ಲ, ಇಬ್ಬರಿಗೂ ಸಾಂತ್ವನ ಬೇಕಾಗಿತ್ತು ಎಂಬಂತೆ.

ಡ್ರೈವರನನ್ನು ನೋಡಲು ವಾರ್ಡಿಗೆ ಹೋದೆ. ಮೊದಲ ಸಲ ಆತ ಗೋಡೆಯ ಕಡೆ ಹೊರಳಿ ಮಲಗಿದ. ಎರಡನೆಯ ಸಲವೂ. ಆಮೇಲೊಮ್ಮೆ ಹೊರಗಿನ ಬೇವಿನ ಮರದ ಕೆಳಗೆ ಕುಳಿತಿದ್ದ. ಔಷಧಿಯಿಂದ ಮುಖ ಸ್ವಲ್ಪ ಊದಿತ್ತು, ಆದರೆ ಕಣ್ಣಿನಲ್ಲಿ ನಿದ್ದೆ ಕಂಡ ಮನುಷ್ಯನ ತಿಳಿ ಇತ್ತು. ಹಿತ್ತಲ ಕಿಟಕಿಯ ಸಂಗತಿ ಹೇಳಿದೆ. ನನಗೂ ಗೊತ್ತಿರಲಿಲ್ಲ ಎಂದೆ.

"ಇರಬಹುದ್ರಿ ಬಾಯಾರ," ಎಂದ. ಅಷ್ಟೇ. ಆಮೇಲೆ, ನನ್ನ ಕಡೆ ನೋಡದೆ: "ನೀವು ಅಂದಂಗ ನಾನಾ ಹೇಳಾಂವಿದ್ದೆ. ಆಯಮ್ಮನ ಮಗನ ಕಾಲ ಹಿಡದು ಹೇಳಾಂವಿದ್ದೆ. ಹೆಂಗ ಹೇಳಬೇಕು ಅಂತ ಮನಸಿನ್ಯಾಗ ಜೋಡಿಸ್ಕೊಳ್ಳಾಕತ್ತಿದ್ದೆ. ಯಾರ ಫೋನು ಅಂತ ಅಷ್ಟ ಹೇಳಾಂವ ಇದ್ದಿದ್ದಿಲ್ಲ. ಅದೊಂದು ನನ್ನ ಹಂತ್ಯಾಕ ಉಳೀಬೇಕಾಗಿತ್ತು."

"ಮಗಳು ಬಂದಿದ್ಲೇನು?"

"ಬರ್ತಾಳ. ಕುಂದರ್ತಾಳ. ಮಾತಾಡೂದಿಲ್ಲ. ಫೋನ್ ಬಿಟ್ಟಾಳಂತ. ಹಾಸ್ಟೆಲಿನ್ಯಾಗ ಇಟ್ಟ ಬಿಟ್ಟಾಳಂತ, ಯಾರಿಗೂ ಮಾಡೂದಿಲ್ಲಂತ."

ಆ ಮಾತು ಕೇಳಿ ಬಂದ ದಿನವೇ ನಾನು ಠಾಣೆಯ ಕೆಲಸ ಬಿಡುವುದಾಗಿ ಬರೆದುಕೊಟ್ಟೆ. ಕಾರಣದ ಜಾಗದಲ್ಲಿ ವೈಯಕ್ತಿಕ ಎಂದು ಬರೆದೆ. ದೂರು ಕೊಡು ಎಂದು ಕೆಲವು ಗೆಳತಿಯರು ಹೇಳಿದರು. ಒಬ್ಬ ಹಿರಿಯ ಅಧಿಕಾರಿಯ ಮುಂದೆ ಕುಳಿತು ಎಲ್ಲ ಹೇಳಿದೆ ಕೂಡ. ಅವರು ಗಮನವಿಟ್ಟು ಕೇಳಿದರು. "ಆದ್ರ ಮೇಡಂ, ಅವರು ಕಾನೂನು ಮೀರಿ ಏನ ಮಾಡ್ಯಾರ ಹೇಳ್ರಿ?" ಎಂದರು. ನಾನು ಹುಡುಕಿದೆ. ಅವಳು ಮೀರಿದ್ದು ನನಗೆ ಕೊಟ್ಟ ಮಾತನ್ನು. ಅದಕ್ಕೆ ಅವರ ಬಳಿ ಕಲಂ ಇರಲಿಲ್ಲ.

ನನ್ನ ಜಾಗಕ್ಕೆ ಕೆಲವು ತಿಂಗಳು ಯಾರೂ ಬರಲಿಲ್ಲ. ಆ ನಡುವೆ ಟ್ಯಾಂಕು ಹತ್ತಿದ ಒಬ್ಬ ಹುಡುಗನನ್ನು ಪೊಲೀಸರೇ ಹತ್ತಿ ಇಳಿಸಿದರು ಎಂದು ಪೇಪರಿನಲ್ಲಿ ಓದಿದೆ. ಪೇಪರು ಮಡಿಸಿಟ್ಟು ಅಡುಗೆಮನೆಗೆ ಹೋದೆ, ಕೈಗೆ ಕೆಲಸ ಹತ್ತಲಿಲ್ಲ. ಅವಳು ನನ್ನಿಂದ ಒಬ್ಬ ತಂಗಿಯನ್ನಷ್ಟೇ ಅಲ್ಲ, ಬೆಳಗ್ಗೆ ಎದ್ದು ಹೋಗುವ ಜಾಗವನ್ನೂ ಕಿತ್ತುಕೊಂಡಿದ್ದಳು. ಆಸ್ಪತ್ರೆಯವರು ಮತ್ತೆ ಕರೆದರು. ಈಗ ಅಲ್ಲಿಯೇ ಇದ್ದೇನೆ, ರೋಗಿಗಳ ಮನೆಯವರ ಜೊತೆ ಕೆಲಸ.

ಪ್ರಕರಣ ಕೋರ್ಟಿಗೆ ಬಂದ ದಿನ ನಾನು ಹೋದೆ. ಪಕ್ಕದಲ್ಲಿ ನಿಲ್ಲುತ್ತೇನೆ ಎಂದವಳು ನಾನು. ನಿಲ್ಲಲು ಆತ ಬಿಡುತ್ತಾನೋ ಇಲ್ಲವೋ, ಹೋಗುವುದಂತೂ ನನ್ನ ಕೆಲಸ. ಡ್ರೈವರ್ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದ. ಹೆಂಡತಿ ನನ್ನನ್ನು ನೋಡಿ ಮುಖ ತಿರುವಲಿಲ್ಲ, ಮಾತನ್ನೂ ಆಡಲಿಲ್ಲ. ಮಗಳು ಗೋಡೆಗೆ ಒರಗಿ ನಿಂತಿದ್ದಳು. ಸಾಕ್ಷಿ ಹೇಳಲು ಅವಳನ್ನು ಕರೆಯಬೇಕಾಗಬಹುದೆಂದು ಅವಳ ತಂದೆಗೆ ಯಾರೋ ಹೇಳಿದ್ದರಂತೆ. ಆದ್ದರಿಂದಲೇ ಇರಬೇಕು, ಆರೋಪ ಓದಿದ ಕೂಡಲೇ ಆತ ವಕೀಲರು ತಡೆಯುತ್ತಿದ್ದರೂ ಕೇಳದೆ, "ತಪ್ಪು ನಂದ್ರಿ ಸಾಹೇಬ್ರ, ಆಯಮ್ಮಂದಲ್ಲ" ಎಂದುಬಿಟ್ಟ. ಮಗಳನ್ನು ಯಾರೂ ಕರೆಯಬೇಕಾಗಲಿಲ್ಲ. ಹಿಂದಿನ ಸಾಲಿನಲ್ಲಿ ಕುಳಿತಿದ್ದ ಮಾಸ್ತರರು ಕನ್ನಡಕ ತೆಗೆದು ಒರೆಸಿಕೊಂಡರು. ಆತನಿಗೆ ಶಿಕ್ಷೆಯಾಯಿತು, ಅನುಭವಿಸಿ ಬಂದ, ನೌಕರಿ ಹೋಯಿತು. ಈಗ ಗಂಡಹೆಂಡತಿ ಸುಳ್ಳದಲ್ಲಿದ್ದಾರೆ, ಆಕೆಯ ತವರಿನವರ ಹೊಲ ನೋಡಿಕೊಂಡು. ಔಷಧಿಗೆ ನಮ್ಮ ಆಸ್ಪತ್ರೆಗೆ ಬರುವಾಗ ಆಕೆ ಕೌಂಟರಿನಲ್ಲಿ ನಾನಲ್ಲದೆ ಬೇರೆಯವರಿದ್ದಾರೆಯೇ ಎಂದು ನೋಡಿ ಆಮೇಲೆ ಮುಂದೆ ಬರುತ್ತಾಳೆ.

ಪ್ರಕರಣದ ದಿನ ಕೋರ್ಟಿನ ಹೊರಗಿನ ಪಡಸಾಲೆಯಲ್ಲಿ ಇನ್ಸ್‌ಪೆಕ್ಟರ್ ಕೂಡ ಇದ್ದಳು, ಖಾಕಿ ಬಟ್ಟೆಯಲ್ಲಿ, ಟೋಪಿ ತೊಡೆಯ ಮೇಲಿಟ್ಟುಕೊಂಡು ಬೆಂಚಿನ ಮೇಲೆ ಕುಳಿತಿದ್ದಳು. ಬಿಜಾಪುರದ ಕಡೆ ವರ್ಗವಾಗಿದೆ ಎಂದು ಕೇಳಿದ್ದೆ, ಈ ಪ್ರಕರಣಕ್ಕೆಂದೇ ಬಂದಿರಬೇಕು. ಸೊರಗಿದ್ದಳು. ನನ್ನನ್ನು ನೋಡಿ ಸರಿದು ಜಾಗ ಮಾಡಿದಳು.

"ಕುಂದರ್ರಿ ಅಕ್ಕಾ."

ನಾನು ನಿಂತೇ ಇದ್ದೆ.

"ಆರಾಮ ಅದೀರಿ?"

"ಅದೇನಿ."

"ಅಂತೂ ಅವನಾ ತನ್ನ ಬಾಯಿಂದ ಹೇಳಿದ ನೋಡ್ರಿ. ಆ ಮಾಸ್ತರಗ ಸಮಾಧಾನಾತು."

ಮಗಳು ಆಗ ನಮ್ಮ ಮುಂದಿನಿಂದಲೇ ಹಾದು ನೀರಿನ ನಲ್ಲಿಯ ಕಡೆ ಹೋದಳು. ಇನ್ಸ್‌ಪೆಕ್ಟರ್ ಅವಳನ್ನು ಗುರುತಿಸಲಿಲ್ಲ. ವಿಚಾರಣೆ ಮಾಡಿದವರು ಬೇರೆಯವರು, ಇವಳು ಆ ಹುಡುಗಿಯ ಮುಖವನ್ನೇ ನೋಡಿರಲಿಲ್ಲ. "ಯಾರಕ್ಕಾ ಆ ಹುಡುಗಿ? ನಿಮ್ಮ ಕಡೇನ ನೋಡಿದಂಗಾತು," ಎಂದಳು.

ನಾನು ಹೇಳಲಿಲ್ಲ. ಮೆಟ್ಟಿಲಿಳಿದು ಬಂದು ಧಾರವಾಡದ ಬಸ್ಸಿಗೆ ನಿಂತೆ.